ಹಾಡಿಗೂ ಒಂದು ಪಹಣಿ ಬೇಕು

ಧಾರವಾಡದ ಒಂದು ಕಾಲೇಜಿನಲ್ಲಿ ಸಂಗೀತ ಓದುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು ಇದು. ಸಭೆಯಲ್ಲಿ ಹೇಳಿದ್ದನ್ನು ಸ್ವಲ್ಪ ಒಪ್ಪ ಮಾಡಿ, ಅಲ್ಲಿ ಮರೆತಿದ್ದ ಒಂದೆರಡು ವಿಷಯ ಸೇರಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನ್ನ ಕೆಲಸಕ್ಕೆ ನಮ್ಮ ಕಡೆ ಸರಿಯಾದ ಒಂದು ಹೆಸರೇ ಇಲ್ಲ. ಕಾರ್ಡಿನ ಮೇಲೆ ಮ್ಯೂಸಿಕ್ ಪ್ರೊಡ್ಯೂಸರ್ ಅಂತ ಹಾಕಿಸಿದ್ದೇನೆ. ಪ್ರೊಡ್ಯೂಸರ್ ಅಂದ ಕೂಡಲೇ ಜನ ದುಡ್ಡು ಹಾಕುವವರು ಅಂತ ತಿಳಿಯುತ್ತಾರೆ. ಹಳ್ಳಿಯಿಂದ ಹಾಡೋಕೆ ಬರುವವರು ಮಾತ್ರ "ಮ್ಯೂಸಿಕ್ ಹಾಕೋರು" ಅನ್ನುತ್ತಾರೆ. ನನಗೆ ಆ ಹೆಸರೇ ಇಷ್ಟ. ಅವರು ನಾಲ್ಕು ಸಾಲು ಗುನುಗಿ ಫೋನಿನಲ್ಲಿ ಕಳಿಸುತ್ತಾರೆ. ಅದಕ್ಕೆ ಶ್ರುತಿ ಹುಡುಕಬೇಕು, ತಾಳ ಕೂರಿಸಬೇಕು, ಎಲ್ಲಿ ಹಲಗೆ ವಾದ್ಯ ಬರಬೇಕು ಎಲ್ಲಿ ಸುಮ್ಮನಿರಬೇಕು ಅಂತ ನೋಡಬೇಕು. ಹಾಡಿಸಬೇಕು, ಮಿಕ್ಸ್ ಮಾಡಬೇಕು, ಕೊನೆಗೆ ಬಿಡುಗಡೆ ಮಾಡಿಕೊಡಬೇಕು. ಇಷ್ಟೂ ನನ್ನ ಕೆಲಸ.

ಹುಬ್ಬಳ್ಳಿಯಲ್ಲಿ ನನ್ನ ಸ್ಟುಡಿಯೋ ಇದೆ. ಸ್ಟುಡಿಯೋ ಅಂದರೆ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆ. ಗೋಡೆಗೆ ಫೋಮ್ ಹಾಕಿಸಿಲ್ಲ, ಕೌದಿ ಇಳಿಬಿಟ್ಟಿದ್ದೇನೆ. ಹಳೇ ಸೀರೆ, ಧೋತರ ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ಇದೆಯಲ್ಲ, ಗೋಡೆಯಿಂದ ಮೂರು ಬೆರಳು ಬಿಟ್ಟು ತೂಗುಹಾಕಿದರೆ ದನಿಯ ಪ್ರತಿಧ್ವನಿಯನ್ನು ಚೆನ್ನಾಗಿ ಹೀರುತ್ತದೆ. ಬಾಸ್, ಅಂದರೆ ತಗ್ಗಿನ ದನಿಯನ್ನು ಇದು ತಡೆಯಲ್ಲ, ಅದು ಬೇರೆ ಮಾತು. ಹಾಡುವವರ ದನಿಗೆ ಇಷ್ಟು ಸಾಕು. ಹದಿಮೂರು ವರ್ಷದಿಂದ ಈ ಕೋಣೆಯೇ ನನ್ನ ಮನೆ ನಡೆಸುತ್ತಿದೆ. ಹೇಗೆ ನಡೆಸುತ್ತಿದೆ ಅಂತ ಹೇಳಿ ಅಂದಿದ್ದಾರೆ ನಿಮ್ಮ ಮೇಷ್ಟ್ರು.

ಮೊದಲು ನನಗೆ ಪೆಟ್ಟು ಬಿದ್ದ ಕಥೆ ಹೇಳುತ್ತೇನೆ. ಶುರುವಿನ ದಿನಗಳವು. ಒಂದು ಯೂಟ್ಯೂಬ್ ಚಾನೆಲ್ಲಿನವರು ಜಾನಪದ ಶೈಲಿಯ ಹಾಡಿಗೆ ಮ್ಯೂಸಿಕ್ ಬೇಕು ಅಂತ ಬಂದರು. ಸಾಹಿತ್ಯ ಅವರದು. ಟ್ಯೂನ್ ನನ್ನದು, ಟ್ರ್ಯಾಕ್ ನನ್ನದು, ಮಿಕ್ಸ್ ನನ್ನದು. ಆರು ಸಾವಿರ ರೂಪಾಯಿ ಕೊಟ್ಟರು. ಕಾಗದ ಗೀಗದ ಏನಿಲ್ಲ. ಖುಷಿಯಿಂದ ತೊಗೊಂಡೆ. ಹಾಡು ಓಡಿತು. ಆ ವರ್ಷ ಕಬ್ಬಿನ ಸೀಸನ್ನಿನಲ್ಲಿ ಮುಧೋಳದ ಕಡೆ ಹೋಗಿದ್ದೆ. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಒಂದು ಪಕ್ಕದಲ್ಲೇ ಹೋಯಿತು. ಅದರಲ್ಲಿ ನನ್ನ ಟ್ಯೂನು. ರಸ್ತೆ ಬದಿ ನಿಂತು ಕೇಳಿದೆ. ಆ ಸಂತೋಷವನ್ನು ನಾನು ಇವತ್ತಿಗೂ ಯಾರಿಗೂ ಬಿಟ್ಟುಕೊಡಲ್ಲ.

ಆಮೇಲೆ ಅದೇ ಟ್ಯೂನನ್ನು ಬರೀ ಕೊಳಲಿನಲ್ಲಿ ನುಡಿಸಿ ನನ್ನ ಚಾನೆಲ್ಲಿಗೆ ಹಾಕಿದೆ. ಎರಡೇ ದಿನಕ್ಕೆ ನನ್ನ ಮೇಲೆ ಕ್ಲೇಮ್ ಬಂತು. ಈ ಟ್ಯೂನು ಬೇರೆಯವರ ಸೊತ್ತು, ಇದರಿಂದ ಬರುವ ದುಡ್ಡು ಅವರಿಗೆ ಹೋಗುತ್ತದೆ ಅಂತ. ಹೋಗಿ ನೋಡಿದರೆ, ಆ ಹಾಡಿನಲ್ಲಿ "ಸಂಗೀತ" ಅನ್ನುವ ಕಡೆ ಚಾನೆಲ್ ಮಾಲೀಕರ ಹೆಸರಿತ್ತು. ನನ್ನ ಹೆಸರು ಎಲ್ಲೂ ಇರಲಿಲ್ಲ. ನನ್ನದು ಅಂತ ತೋರಿಸೋಕೆ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಅವತ್ತು ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅಪ್ಪ ರೈತರು. ಸಂಗೀತದ ವ್ಯವಹಾರ ಅವರಿಗೆ ಗೊತ್ತಿಲ್ಲ. ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಪಹಣಿ ಯಾರ ಹೆಸರಿಗೆ ಐತಿ?"

ನೋಡಿ, ಇವತ್ತು ನಿಮಗೆ ನಾನು ಹೇಳಬೇಕಾದ ಮಾತು ಇದೇ. ಹೊಲ ಉಳುವವರು ನೀವು, ಬಿತ್ತುವವರು ನೀವು. ಆದರೆ ಪಹಣಿಯಲ್ಲಿ ಹೆಸರಿಲ್ಲ ಅಂದರೆ ಸುಗ್ಗಿ ಇನ್ನೊಬ್ಬರದು. ಸ್ವತಂತ್ರವಾಗಿ ಸಂಗೀತ ಮಾಡಿ ಬದುಕೋದಕ್ಕೆ ಕಿವಿ ಬೇಕು, ಕೈ ಬೇಕು, ಅದು ನಿಮಗಿದೆ. ಅದರ ಜೊತೆ ಹಾಡು ಮುಗಿದ ದಿನವೇ ಯಾರ ಪಾಲು ಎಷ್ಟು ಅಂತ ಬರೆದಿಡುವ ಅಭ್ಯಾಸ ಬೇಕು. ನಮ್ಮಲ್ಲಿ ಹೆಚ್ಚಿನವರು ದುಡ್ಡು ಕಳೆದುಕೊಳ್ಳೋದು ಪ್ರತಿಭೆ ಕಡಿಮೆಯಾಗಿ ಅಲ್ಲ, ಈ ಒಂದು ಹಾಳೆ ಇಲ್ಲದೆ.

ಒಂದು ಹಾಡಿನಲ್ಲಿ ಮೂರು ಆಸ್ತಿ ಇರುತ್ತವೆ. ಇದನ್ನು ದಯವಿಟ್ಟು ಬರೆದುಕೊಳ್ಳಿ. ಮೊದಲನೆಯದು ಸಾಹಿತ್ಯ, ಅದು ಬರೆದವರದು. ಎರಡನೆಯದು ಟ್ಯೂನು, ಅದು ಹಾಕಿದವರದು. ಮೂರನೆಯದು ರೆಕಾರ್ಡಿಂಗ್, ನೀವು ಕೊನೆಗೆ ಕಳಿಸ್ತೀರಲ್ಲ, ಆ ಫೈಲು. ಅದು ಯಾರದು? ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ ಹೇಳೋದು, ಯಾರು ಮುಂದೆ ನಿಂತು ಜವಾಬ್ದಾರಿ ಹೊತ್ತು ರೆಕಾರ್ಡಿಂಗ್ ಮಾಡಿಸಿದರೋ ಅವರೇ ಅದರ ಪ್ರೊಡ್ಯೂಸರ್ ಅಂತ. ಈಗ ಗೊತ್ತಾಯಿತಲ್ಲ? ಕಾನೂನಿನ ಪ್ರೊಡ್ಯೂಸರ್ ಬೇರೆ, ನನ್ನ ಕಾರ್ಡಿನ ಮೇಲಿರುವ ಪ್ರೊಡ್ಯೂಸರ್ ಬೇರೆ. ಚಾನೆಲ್ಲಿನವರು ದುಡ್ಡು ಕೊಟ್ಟು ಮಾಡಿಸಿದರೆ ರೆಕಾರ್ಡಿಂಗ್ ಅವರದು. ನೀವೇ ನಿಮ್ಮ ಖರ್ಚಿನಲ್ಲಿ, ನಿಮ್ಮ ಕೋಣೆಯಲ್ಲಿ ಮಾಡಿದರೆ ನಿಮ್ಮದು. ಬೀಟ್ ಹಾಕಿದೆ, ಅರೇಂಜ್ ಮಾಡಿದೆ ಅಂದ ಮಾತ್ರಕ್ಕೆ ಟ್ಯೂನಿನಲ್ಲಿ ಪಾಲು ತಾನಾಗೇ ಬರೋದಿಲ್ಲ. ಕೇಳಿ ಬರೆಸಿಕೊಳ್ಳಬೇಕು.

ಎಷ್ಟು ದಿನದ ಆಸ್ತಿ ಇದು? ಸಾಹಿತ್ಯ ಮತ್ತು ಟ್ಯೂನು, ಮಾಡಿದವರ ಜೀವಮಾನ ಪೂರ್ತಿ, ಆಮೇಲೆ 60 ವರ್ಷ. ರೆಕಾರ್ಡಿಂಗು ಬಿಡುಗಡೆಯಾದ ಮೇಲೆ 60 ವರ್ಷ. ಇದು ಧಾರವಾಡ ಅಲ್ವಾ, ಇಲ್ಲಿಯ ಲೆಕ್ಕವನ್ನೇ ಹೇಳುತ್ತೇನೆ. ನಿಮ್ಮಲ್ಲಿ ಬಹಳ ಜನರಿಗೆ ಬೇಂದ್ರೆಯವರ ಕವಿತೆಗೆ ಟ್ಯೂನ್ ಹಾಕುವ ಆಸೆ ಇರುತ್ತದೆ. ಬೇಂದ್ರೆಯವರು ತೀರಿಕೊಂಡಿದ್ದು 1981ರಲ್ಲಿ. ಅವರ ಕವಿತೆಯ ಹಕ್ಕು 2041ರ ಕೊನೆಯವರೆಗೂ ಇರುತ್ತದೆ. ಕುವೆಂಪು ಅವರದು 2054ರ ಕೊನೆಯವರೆಗೆ. ಅಲ್ಲಿಯವರೆಗೆ ಹಕ್ಕು ಇರುವವರನ್ನು ಕೇಳಿ, ಒಪ್ಪಿಗೆ ಪಡೆದು ಮಾಡಬೇಕು. ಶಿಶುನಾಳ ಶರೀಫರು 1889ರಲ್ಲೇ ಹೋದರು. ಅವರ ಪದಗಳು ನಿಮ್ಮವು, ನನ್ನವು, ಎಲ್ಲರವು. ವಚನಗಳೂ ಹಾಗೆ, ದಾಸರ ಪದಗಳೂ ಹಾಗೆ. ಆದರೆ ಒಂದು ಎಚ್ಚರ. ಶರೀಫರ ಪದ ಎಲ್ಲರದು ಅಂದರೆ ಅದಕ್ಕೆ ಇನ್ನೊಬ್ಬರು ಹಾಕಿದ ಟ್ಯೂನೂ ಎಲ್ಲರದು ಅಂತಲ್ಲ. ಕ್ಯಾಸೆಟ್ಟಿನಲ್ಲಿ ಕೇಳಿದ ಟ್ಯೂನನ್ನು "ಪಾರಂಪರಿಕ" ಅಂತ ತಿಳಿದು ಮಾಡಿ ಸಿಕ್ಕಿಬಿದ್ದವರನ್ನು ನಾನು ನೋಡಿದ್ದೇನೆ.

ಇನ್ನು ಬರೆದುಕೊಡುವ ವಿಚಾರ. ಹಕ್ಕನ್ನು ಬೇರೆಯವರಿಗೆ ಕೊಡೋದಾದರೆ ಬರಹದಲ್ಲಿರಬೇಕು, ಸಹಿ ಇರಬೇಕು. ಬಾಯಿಮಾತಿನಲ್ಲಿ ಹಕ್ಕು ಹೋಗೋದಿಲ್ಲ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಅಂತ ತಿಳಿಯುತ್ತದೆ. ಯಾವ ಜಾಗಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇವೆರಡು ಸಾಲು ಗೊತ್ತಿದ್ದರೆ ಮಾತುಕತೆಗೆ ಕೂತಾಗ ಬೆನ್ನು ನೆಟ್ಟಗಿರುತ್ತದೆ. ಇನ್ನೊಂದು ದೊಡ್ಡ ಬದಲಾವಣೆ ಆಗಿದ್ದು 2012ರಲ್ಲಿ. ಹಿಂದಿ ಸಿನಿಮಾ ಹಾಡು ಬರೆಯುವ ಜಾವೇದ್ ಅಖ್ತರ್ ಅವರು ರಾಜ್ಯಸಭೆಯಲ್ಲಿದ್ದಾಗ ಇದಕ್ಕಾಗಿ ಬಹಳ ಹೋರಾಡಿದರು. ಆ ತಿದ್ದುಪಡಿ ಆದ ಮೇಲೆ, ಸಾಹಿತ್ಯ ಬರೆದವರು, ಟ್ಯೂನ್ ಹಾಕಿದವರು ಹಕ್ಕು ಬರೆದುಕೊಟ್ಟರೂ ತಮ್ಮ ರಾಯಲ್ಟಿಯ ಪಾಲನ್ನು ಬಿಟ್ಟುಕೊಡುವ ಹಾಗಿಲ್ಲ. "ಎಲ್ಲ ರಾಯಲ್ಟಿ ಬಿಟ್ಟುಕೊಟ್ಟಿದ್ದೇನೆ" ಅಂತ ಯಾರಾದರೂ ಬರೆಸಿಕೊಂಡರೂ ಅದು ನಿಲ್ಲೋದಿಲ್ಲ. ವಾರಸುದಾರರಿಗೆ ಅಥವಾ ರಾಯಲ್ಟಿ ವಸೂಲಿ ಮಾಡುವ ಸೊಸೈಟಿಗೆ ಮಾತ್ರ ಕೊಡಬಹುದು. ಈ ಮಾತನ್ನು ನಾನು ತುಂಬಾ ತಡವಾಗಿ ಕಲಿತೆ. ನೀವು ಈಗಲೇ ಕಲಿತುಕೊಳ್ಳಿ.

ಹಾಗಾದರೆ ಪಹಣಿ ಎಲ್ಲಿ ಮಾಡಿಸೋದು? ರೆಕಾರ್ಡಿಂಗಿಗೆ ಐಎಸ್‌ಆರ್‌ಸಿ ಅಂತ ಹನ್ನೆರಡು ಅಕ್ಷರದ ಒಂದು ನಂಬರ್ ಇರುತ್ತದೆ. ಹೊಲದ ಸರ್ವೇ ನಂಬರ್ ಇದ್ದ ಹಾಗೆ. ಆ ಹಾಡು ಜಗತ್ತಿನಲ್ಲಿ ಎಲ್ಲೇ ಓಡಲಿ, ಈ ನಂಬರಿನಿಂದಲೇ ಲೆಕ್ಕ. ನಿಮ್ಮ ಹಾಡನ್ನು ಆ್ಯಪ್‌ಗಳಿಗೆ ಕಳಿಸುವ ವಿತರಕ ಕಂಪನಿಯೇ ಇದನ್ನು ಕೊಡುತ್ತದೆ. ವಿತರಕರನ್ನು ಬದಲಾಯಿಸಿದರೂ ಹಳೇ ನಂಬರನ್ನೇ ಮುಂದುವರಿಸಿ, ಇಲ್ಲದಿದ್ದರೆ ಅಲ್ಲಿಯವರೆಗೆ ಸೇರಿದ ಲೆಕ್ಕವೆಲ್ಲ ಸೊನ್ನೆಯಿಂದ ಶುರು. ರೀಮಿಕ್ಸ್ ಥರ ಬೇರೆ ರೂಪ ಮಾಡಿದರೆ ಅದಕ್ಕೆ ಹೊಸ ನಂಬರ್. ಟ್ಯೂನು ಮತ್ತು ಸಾಹಿತ್ಯಕ್ಕೆ ಐಪಿಆರ್‌ಎಸ್ ಇದೆ. ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಅಂತ, 1969ರಲ್ಲಿ ಶುರುವಾದ ಸಂಸ್ಥೆ, ಮುಂಬೈಯಲ್ಲಿದೆ. ಸಿನಿಮಾದವರಿಗೆ ಮಾತ್ರ ಅಂತ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ರೇಡಿಯೋ, ಟಿವಿ, ಹೋಟೆಲ್ಲು, ಸ್ಟ್ರೀಮಿಂಗ್ ಆ್ಯಪ್ಪು, ಎಲ್ಲ ಕಡೆಯಿಂದ ವಸೂಲಿ ಮಾಡಿ ಸದಸ್ಯರಿಗೆ ಹಂಚುತ್ತದೆ. ವಿತರಕರಿಂದ ಬರೋದು ರೆಕಾರ್ಡಿಂಗಿನ ದುಡ್ಡು, ಐಪಿಆರ್‌ಎಸ್‌ನಿಂದ ಬರೋದು ಟ್ಯೂನಿನ ದುಡ್ಡು. ಎರಡು ಬೇರೆ ಬೇರೆ ಜೇಬು. ಒಂದನ್ನು ಹೊಲಿಸಿಕೊಂಡು ಇನ್ನೊಂದನ್ನು ಮರೆತವರೇ ಜಾಸ್ತಿ.

ಹೆಸರು ಬರೆಯುವಾಗ ಜಾಗ್ರತೆ. ಒಂದು ಹಾಡಿನಲ್ಲಿ ಪೂರ್ತಿ ಹೆಸರು, ಇನ್ನೊಂದರಲ್ಲಿ ಇನಿಷಿಯಲ್ಲು, ಮತ್ತೊಂದರಲ್ಲಿ ಊರಿನ ಹೆಸರು ಸೇರಿಸಿ ಬರೆದರೆ ಕಂಪ್ಯೂಟರ್ ಮೂರು ಜನ ಅಂತ ತಿಳಿಯುತ್ತದೆ. ಒಂದೇ ಹೆಸರು, ಒಂದೇ ಕಾಗುಣಿತ.

ಈಗ ಸ್ಟ್ರೀಮಿಂಗ್ ದುಡ್ಡಿನ ಬಗ್ಗೆ. ಎಲ್ಲರೂ ಕೇಳೋದು ಇದನ್ನೇ, ಒಂದು ಸಲ ಕೇಳಿದರೆ ಎಷ್ಟು ಬರುತ್ತೆ ಅಂತ. ಇದಕ್ಕೆ ಗಟ್ಟಿ ರೇಟು ಇಲ್ಲ. ಆ್ಯಪ್ಪಿನವರು ಆ ತಿಂಗಳು ಬಂದ ಚಂದಾ, ಜಾಹೀರಾತಿನ ದುಡ್ಡನ್ನೆಲ್ಲ ಒಂದು ಕಣಜಕ್ಕೆ ಹಾಕುತ್ತಾರೆ. ತಮ್ಮ ಪಾಲು ತೆಗೆದುಕೊಳ್ಳುತ್ತಾರೆ. ಮಿಕ್ಕಿದ್ದನ್ನು ಯಾರ ಹಾಡು ಎಷ್ಟು ಸಲ ಓಡಿತು ಅನ್ನುವ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ನಮ್ಮ ದೇಶದಲ್ಲಿ ದುಡ್ಡು ಕೊಡದೆ ಕೇಳುವವರೇ ಬಹಳ. ಹಾಗಾಗಿ ಕಣಜವೇ ಚಿಕ್ಕದು, ಒಂದು ಸಲ ಕೇಳಿದ್ದಕ್ಕೆ ಸಿಗೋದು ಪೈಸೆಗಳಲ್ಲಿ. ಸ್ಪಾಟಿಫೈ ನಮ್ಮಲ್ಲಿಗೆ ಬಂದಿದ್ದು 2019ರ ಫೆಬ್ರವರಿಯಲ್ಲಿ. 2024ರಿಂದ ಅವರದೊಂದು ನಿಯಮ ಇದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವೂ ಓಡದ ಹಾಡಿಗೆ ರೆಕಾರ್ಡಿಂಗಿನ ದುಡ್ಡೇ ಇಲ್ಲ. ಹೊಸಬರಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಒಂಬೈನೂರು ಜನ ಕೇಳಿದ ಹಾಡೂ ಹಾಡೇ.

ಆ್ಯಪ್‌ಗಳ ಆಯುಷ್ಯವನ್ನೂ ನೋಡಿ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ಒಂದೇ ರಾತ್ರಿಗೆ ಹೋಯಿತು. ನನ್ನ ಗೆಳೆಯನೊಬ್ಬನ ಹಾಡುಗಳ ಹೆಸರೆಲ್ಲ ಅಲ್ಲೇ ಇತ್ತು, ಅವನು ಬೆಳಿಗ್ಗೆ ಎದ್ದಾಗ ಏನೂ ಇರಲಿಲ್ಲ. ಹಾಡು ಕೇಳುವ ಆ್ಯಪ್ಪುಗಳಲ್ಲಿ 2024ರಲ್ಲಿ ನಮ್ಮ ದೇಶದಲ್ಲಿ ರೆಸ್ಸೋ ಮುಚ್ಚಿತು, ಅದೇ ವರ್ಷ ವಿಂಕ್ ಮುಚ್ಚಿತು. ಅದಕ್ಕೂ ಮೊದಲು ಕಾಲರ್ ಟ್ಯೂನ್ ಕಾಲ ಒಂದಿತ್ತು. ಅದಕ್ಕೂ ಹಿಂದೆ ಕ್ಯಾಸೆಟ್ಟು, ಭಾವಗೀತೆಗಳನ್ನು ಮನೆ ಮನೆಗೆ ಮುಟ್ಟಿಸಿದ್ದೇ ಅದು. ಅಂಗಡಿಗಳು ಬಂದು ಹೋಗುತ್ತವೆ. ಹಾಡಿನ ಹಕ್ಕು ನಿಮ್ಮ ಹತ್ತಿರ ಇದ್ದರೆ ಹೊಸ ಅಂಗಡಿಗೂ ಅದನ್ನೇ ಇಡಬಹುದು.

ನಿಜ ಹೇಳಬೇಕೆಂದರೆ ನನ್ನ ಮನೆ ಬಾಡಿಗೆ ಕಟ್ಟೋದು ಸ್ಟ್ರೀಮಿಂಗ್ ದುಡ್ಡಲ್ಲ. ಊರ ಕೆಲಸ ಕಟ್ಟುತ್ತದೆ. ನಮ್ಮ ಕೆಲಸಕ್ಕೂ ಮಳೆ ನಕ್ಷತ್ರದ ಹಾಗೆ ಒಂದು ಕ್ಯಾಲೆಂಡರ್ ಇದೆ. ಡಿಸೆಂಬರ್, ಜನವರಿಯಲ್ಲಿ ಶಾಲೆಗಳ ವಾರ್ಷಿಕೋತ್ಸವ, ಕುಣಿತಕ್ಕೆ ಟ್ರ್ಯಾಕ್ ಎಡಿಟ್ ಮಾಡಿಕೊಡಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತು ಅಂದರೆ ಸವದತ್ತಿ ಯಲ್ಲಮ್ಮನ ಹಾಡು, ಮೈಲಾರಲಿಂಗನ ಹಾಡು. ಶಿವರಾತ್ರಿಗೆ ಸಿದ್ಧಾರೂಢರ ಹಾಡು. ಬೇಸಿಗೆ ಪೂರ್ತಿ ಮದುವೆ. ಈಗ ಮದುವೆಗೆ ಮದುಮಕ್ಕಳ ಹೆಸರು ಸೇರಿಸಿ ಹಾಡು ಮಾಡಿಸುವವರಿದ್ದಾರೆ. ಶ್ರಾವಣದಲ್ಲಿ ಭಕ್ತಿಗೀತೆ, ಗಣಪತಿಗೆ ಡಿಜೆ ಟ್ರ್ಯಾಕು, ನವೆಂಬರಿನಲ್ಲಿ ರಾಜ್ಯೋತ್ಸವದ ಹಾಡು. ನಡುನಡುವೆ ಬಟ್ಟೆ ಅಂಗಡಿ, ಬಂಗಾರದ ಅಂಗಡಿಯ ಜಾಹೀರಾತು, ಕಿರುಚಿತ್ರದ ಹಿನ್ನೆಲೆ. ಚುನಾವಣೆ ಬಂದರೆ ರಾತ್ರಿಯೂ ಕೆಲಸ, ಆದರೆ ಅಲ್ಲಿ ಪೂರ್ತಿ ದುಡ್ಡು ಮೊದಲೇ ಇಸ್ಕೊಳ್ಳಿ. ಫಲಿತಾಂಶ ಬಂದ ಮೇಲೆ ಫೋನ್ ಎತ್ತುವವರು ಇರಲ್ಲ.

ಆಷಾಢದಲ್ಲಿ ಕೆಲಸ ಬಿಡುವು. ಆ ತಿಂಗಳನ್ನು ನಾನು ನನ್ನ ಸ್ವಂತ ಹಾಡಿಗೆ ಇಟ್ಟುಕೊಂಡಿದ್ದೇನೆ. ಹದಿಮೂರು ಆಷಾಢದಲ್ಲಿ ಮಾಡಿದ ಹಾಡುಗಳೇ ಇವತ್ತು ನನಗೆ ಪಹಣಿ ಇರುವ ಹೊಲ. ದೊಡ್ಡ ಮೊತ್ತ ಅಲ್ಲ. ಆದರೆ ನಾನು ಜ್ವರ ಬಂದು ಮಲಗಿದ್ದಾಗಲೂ ಬರುತ್ತದೆ.

ಜಾಹೀರಾತು, ಜಿಂಗಲ್ ಮಾಡೋದನ್ನು ಕೀಳು ಅಂತ ತಿಳಿಯುವ ಹುಡುಗರಿದ್ದಾರೆ. ಬೆಂಗಳೂರಿನ ರಿಕ್ಕಿ ಕೇಜ್ 2015ರಲ್ಲಿ ಮೊದಲ ಗ್ರ್ಯಾಮಿ ಪಡೆದರು, ಆಮೇಲೆ ಮತ್ತೆ ಪಡೆದರು. ಅದಕ್ಕೂ ಮೊದಲು ಅವರು ವರ್ಷಗಟ್ಟಲೆ ಜಿಂಗಲ್ ಮಾಡಿದವರು. ಮೂವತ್ತು ಸೆಕೆಂಡಿನಲ್ಲಿ ಒಂದು ಭಾವ ಕಟ್ಟಿ ನಿಲ್ಲಿಸೋದು ಸುಲಭದ ಮಾತಲ್ಲ. ನನ್ನ ಕಿವಿಯನ್ನು ಚೂಪು ಮಾಡಿದ್ದೂ ಅದೇ ಕೆಲಸ.

ಊರ ಕೆಲಸದಲ್ಲಿ ಕಲಿಯೋದು ಬೇರೇನೇ ಇರುತ್ತದೆ. ಸ್ಪಾಟಿಫೈ ಎಲ್ಲ ಹಾಡುಗಳ ಸದ್ದನ್ನು ಮೈನಸ್ 14 ಲಫ್ಸ್ (ಸದ್ದಿನ ಜೋರು ಅಳೆಯುವ ಮಾನ) ಸುತ್ತಮುತ್ತ ಒಂದೇ ಮಟ್ಟಕ್ಕೆ ತರುತ್ತದೆ ಅಂತ ನಿಮ್ಮ ಪಾಠದಲ್ಲಿ ಓದಿರುತ್ತೀರಿ. ನಿಜ. ಆದರೆ ಟ್ರ್ಯಾಕ್ಟರಿನ ಸ್ಪೀಕರಿಗೆ ಈ ಲೆಕ್ಕ ಗೊತ್ತಿಲ್ಲ. ಎಂಜಿನ್ ಗುಡುಗುತ್ತಿರುತ್ತದೆ, ಕೆಳಗಿನ ಬಾಸ್ ಎಲ್ಲ ಅದರಲ್ಲಿ ಮುಳುಗುತ್ತದೆ. ಜಾನಪದ ಹಾಡು ಮಿಕ್ಸ್ ಮಾಡಿದ ಮೇಲೆ ನಾನು ಪೆನ್‌ಡ್ರೈವ್ ತೊಗೊಂಡು ಚಿಕ್ಕಪ್ಪನ ಟ್ರ್ಯಾಕ್ಟರ್ ಹತ್ತುತ್ತೇನೆ. ಎಂಜಿನ್ ಶುರು ಮಾಡಿಸಿ, ಹೊಲದ ದಾರಿಯಲ್ಲಿ ಒಂದು ಸುತ್ತು ಹೋಗಿಬರುತ್ತೇವೆ. ಹಾಡಿನ ಮಾತು ಒಂದೊಂದೂ ಬಿಡಿಸಿ ಕೇಳಬೇಕು. ಹಲಗೆಯ ಏಟಿಗೆ ಎಂಜಿನ್ನಿನ ಸದ್ದಿನ ಮೇಲೆ ಎದ್ದು ನಿಲ್ಲುವ ಗತ್ತು ಇರಬೇಕು. ಅಲ್ಲಿ ಕೇಳಿದ ಮೇಲೆ ದನಿಯ ನಡುಭಾಗವನ್ನು ಒಂದೆರಡು ಡೆಸಿಬಲ್ ಎತ್ತಿ ಮತ್ತೆ ಹೋಗುತ್ತೇನೆ. ಆ್ಯಪ್ಪಿಗೆ ಒಂದು ಮಾಸ್ಟರ್, ಅಂದರೆ ಕೊನೆಯ ಸಿದ್ಧ ಪ್ರತಿ, ಟ್ರ್ಯಾಕ್ಟರಿಗೆ ಒಂದು ಮಾಸ್ಟರ್. ಕೇಳುವವರು ಎಲ್ಲಿ ಕೂತು ಕೇಳುತ್ತಾರೋ ಅಲ್ಲಿಗೆ ಹೋಗಿ ಕೇಳಬೇಕು.

ರೇಟಿನ ವಿಷಯ ಬೇಗ ಮುಗಿಸುತ್ತೇನೆ. ಅರ್ಧ ದುಡ್ಡು ಮೊದಲು. ತಿದ್ದುಪಡಿ ಎರಡು ಸಲ, ಮೂರನೆಯದಕ್ಕೆ ಬೇರೆ ರೇಟು. ಕೇಳಿಸೋಕೆ ಕಳಿಸುವ ಫೈಲಿನಲ್ಲಿ ನಡುನಡುವೆ ನಿಮ್ಮ ಸ್ಟುಡಿಯೋ ಹೆಸರು ಬರುವ ಹಾಗೆ ಇರಲಿ. ಪೂರ್ತಿ ದುಡ್ಡು ಬಂದ ಮೇಲೇ ಸ್ವಚ್ಛ ಫೈಲು. ಬಿಡಿ ಬಿಡಿ ಟ್ರ್ಯಾಕ್ ಬೇಕು ಅಂದರೆ ಅದು ಬೇರೆ ವ್ಯವಹಾರ. ಕಂಪನಿಗಳು ಸಾಮಾನ್ಯವಾಗಿ ಶೇಕಡಾ 10 ಟಿಡಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿದು ಕೊಡುತ್ತವೆ, ಅದು ಹೋದ ದುಡ್ಡಲ್ಲ. ರಿಟರ್ನ್ ಹಾಕಿದರೆ ನಿಮ್ಮ ತೆರಿಗೆಗೆ ಜಮೆಯಾಗುತ್ತದೆ, ಜಾಸ್ತಿ ಹಿಡಿದಿದ್ದರೆ ವಾಪಸ್ ಬರುತ್ತದೆ. ವರ್ಷಕ್ಕೆ 20 ಲಕ್ಷ ದಾಟುವವರೆಗೆ ನಮ್ಮಂಥವರಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯ ಇಲ್ಲ. ಒಳ್ಳೆ ಲೆಕ್ಕಿಗರೊಬ್ಬರ ಪರಿಚಯ ಇರಲಿ. ಮೈಕಿಗೆ ಖರ್ಚು ಮಾಡುವ ಮೊದಲು ಹೆಚ್ಚುವರಿ ಹಾರ್ಡ್ ಡಿಸ್ಕಿಗೆ ಖರ್ಚು ಮಾಡಿ. ಒಂದು ಭಜನಾ ಮಂಡಳಿಯ ಎಂಟು ಹಾಡು ನನ್ನ ಡಿಸ್ಕ್ ಕೆಟ್ಟು ಹೋಗಿದ್ದವು. ಅವರ ತಬಲಾದವರು ಆ ನಡುವೆ ತೀರಿಕೊಂಡಿದ್ದರು. ಮತ್ತೆ ರೆಕಾರ್ಡ್ ಮಾಡಿದೆವು, ಆದರೆ ಆ ಕೈ ಮತ್ತೆ ಸಿಗಲಿಲ್ಲ.

ದುಡ್ಡು ಕೊಟ್ಟು ಕೊಂಡ ಲೂಪ್‌ಗಳ, ಅಂದರೆ ಸಿದ್ಧ ಸಂಗೀತದ ತುಣುಕುಗಳ ಬಗ್ಗೆ ಒಂದು ಮಾತು. ಆ ಲೂಪ್ ನಿಮಗೊಬ್ಬರಿಗೇ ಮಾರಿದ್ದಲ್ಲ. ಸಾವಿರ ಜನ ಅದನ್ನೇ ಬಳಸಿರುತ್ತಾರೆ. ಅಂಥ ಹಾಡನ್ನು, ಯಾರ ಹಾಡು ಎಲ್ಲಿ ಬಳಕೆಯಾಯಿತು ಅಂತ ತಾನೇ ಪತ್ತೆ ಮಾಡುವ ಯೂಟ್ಯೂಬಿನ ಕಂಟೆಂಟ್ ಐಡಿಗೆ ಹಾಕಿದರೆ ಅಮಾಯಕರ ಮೇಲೆ ಕ್ಲೇಮ್ ಬೀಳುತ್ತದೆ, ನಿಮ್ಮ ಮೇಲೂ ಬೀಳುತ್ತದೆ. ನಮ್ಮಲ್ಲಿ ಡೊಳ್ಳಿದೆ, ಹಲಗೆ ಇದೆ, ಚೌಡಿಕೆ ಇದೆ, ಏಕತಾರಿ ಇದೆ. ನುಡಿಸುವವರನ್ನು ಕರೆದು, ದುಡ್ಡು ಕೊಟ್ಟು, ನೀವೇ ರೆಕಾರ್ಡ್ ಮಾಡಿಕೊಳ್ಳಿ. ಹಾಗೆ ಮಾಡಿದ ಚೌಡಿಕೆಯ ದನಿ ಬೇರೆ ಯಾರ ಹತ್ತಿರವೂ ಇರಲ್ಲ.

ಎಐ ಬಗ್ಗೆ ಒಬ್ಬರು ಆಗಲೇ ಚೀಟಿ ಕಳಿಸಿದ್ದಾರೆ. ಹೌದು, ಅಗ್ಗದ ಜಿಂಗಲ್ ಕೆಲಸ ನನ್ನಲ್ಲಿ ಕಡಿಮೆಯಾಗಿದೆ. ಅಂಗಡಿಯವರು ಫೋನಿನಲ್ಲೇ ಹಾಡು ಮಾಡಿಕೊಂಡು ಬಂದು, ಇದನ್ನೇ ಸ್ವಲ್ಪ ಸರಿ ಮಾಡಿಕೊಡಿ ಅನ್ನುತ್ತಾರೆ. ಅದರಲ್ಲಿ ಕನ್ನಡ ಇರುತ್ತದೆ, ಯಾವ ಊರಿನ ಕನ್ನಡವೂ ಇರೋದಿಲ್ಲ. ನವಲಗುಂದದ ಹೆಣ್ಣುಮಗಳು "ಬಾರವ್ವ" ಅಂತ ಎಳೆಯುವ ಜಾಗ ಅದಕ್ಕೆ ಗೊತ್ತಿಲ್ಲ. ನಾನು ನನ್ನ ಶ್ರಮವನ್ನೆಲ್ಲ ಆ ಜಾಗಕ್ಕೇ ಹಾಕುತ್ತಿದ್ದೇನೆ.

ಆ ಜಾಗ ಅಂದೆನಲ್ಲ, ಅದನ್ನು ಹೇಳಿ ಮುಗಿಸುತ್ತೇನೆ. ಎರಡು ವರ್ಷದ ಹಿಂದೆ ಆಷಾಢದಲ್ಲಿ ನವಲಗುಂದದ ಕಡೆಯ ಒಬ್ಬ ಅಜ್ಜಿಯನ್ನು ಕರೆಸಿದೆ. ಬೀಸುವ ಪದ ಹಾಡುತ್ತಾರೆ. ಹೆಡ್‌ಫೋನ್ ಹಾಕಿ, ತಾಳಕ್ಕೆ ಕ್ಲಿಕ್ ಕೊಟ್ಟು ಹಾಡಿ ಅಂದೆ. ಎರಡು ಸಾಲಿಗೆ ನಿಂತುಬಿಟ್ಟರು. ಹೆಡ್‌ಫೋನ್ ತೆಗೆದೆ. ಆಗಲೂ ಪದ ಕೂರಲಿಲ್ಲ. "ಕೈ ಖಾಲಿ ಐತಲ್ಲಪ್ಪ" ಅಂದರು. ಮರುದಿನ ಅವರ ಊರಿನಿಂದಲೇ ಬೀಸುಕಲ್ಲು ತಂದೆವು. ಕೋಣೆಯ ನಡುವೆ ಇಟ್ಟು, ಕೆಳಗೆ ಒಂದು ಕೌದಿ ಹಾಸಿದೆ. ಅಜ್ಜಿ ಒಂದು ಕಾಲು ಚಾಚಿ ಕೂತರು. ಒಂದು ಹಿಡಿ ಜೋಳ ಹಾಕಿ ಗೂಟ ಹಿಡಿದರು. ಕಲ್ಲು ತಿರುಗಿತು ನೋಡಿ, ಪದ ತಾನಾಗೇ ಎದ್ದು ಬಂತು. ತಾಳ ಅವರ ತೋಳಿನಲ್ಲಿತ್ತು. ಭಾರ ಬಿದ್ದಾಗ ಒಂದಿಷ್ಟು ನಿಧಾನ, ಹಗುರಾದಾಗ ಒಂದಿಷ್ಟು ಬಿರುಸು. ಒಂದು ಮೈಕ್ ಅವರ ಬಾಯಿಗೆ, ಒಂದು ಕಲ್ಲಿಗೆ. ಆಮೇಲೆ ಮೂರು ದಿನ ಕೂತು ನನ್ನ ಕಂಪ್ಯೂಟರಿನ ತಾಳವನ್ನೇ ಅವರ ಕಲ್ಲಿಗೆ ಹೊಂದಿಸಿದೆ, ಒಂದೊಂದು ಸುತ್ತನ್ನೂ ಗುರುತು ಮಾಡಿ. ಆ ಹಾಡಿನಲ್ಲಿ ಬೇರೆ ತಾಳವಾದ್ಯ ಇಲ್ಲ. ಕಲ್ಲೇ ತಾಳ.

ಕಾಗದ ಮಾಡೋಕೆ ಕೂತಾಗ ಅಜ್ಜಿ ಸಹಿ ಮಾಡಲಿಲ್ಲ. "ಇದು ನನ್ನ ಹಾಡಲ್ಲ, ನಮ್ಮವ್ವಂದು. ಅಕಿಗೆ ಅವರವ್ವ ಕೊಟ್ಟಿದ್ದು" ಅಂದರು. ಆ ಮಾತಿನಲ್ಲಿ ಕಾನೂನು ಪೂರ್ತಿ ಇತ್ತು. ಜಾನಪದ ಯಾರೊಬ್ಬರ ಆಸ್ತಿಯೂ ಅಲ್ಲ. ಹಾಗಾಗಿ ಟ್ಯೂನ್ ಅನ್ನುವ ಕಡೆ, ಸಾಹಿತ್ಯ ಅನ್ನುವ ಕಡೆ ನನ್ನ ಹೆಸರು ಬರೆಯುವ ಹಕ್ಕು ನನಗಿಲ್ಲ. ಅಲ್ಲಿ "ಸಾಂಪ್ರದಾಯಿಕ" ಅಂತ ಬರೆದೆ. ಆದರೆ ಆ ದನಿ ಅವರದು. ಹಾಡಿದವರಿಗೂ ತಮ್ಮ ಹಾಡುಗಾರಿಕೆಯ ಮೇಲೆ 50 ವರ್ಷದ ಹಕ್ಕಿದೆ. ರೆಕಾರ್ಡಿಂಗಿನಲ್ಲಿ ಬಂದಿದ್ದು ಅರ್ಧ ಅವರಿಗೆ, ಅರ್ಧ ನನಗೆ. ಹಾಡಿದವರು ಅನ್ನುವ ಕಡೆ ಅವರ ಹೆಸರು ಮೊದಲು, ಊರಿನ ಹೆಸರು ಜೊತೆಗೆ. ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು, ಅವರ ಮೊಮ್ಮಗಳಿಂದ ಗಟ್ಟಿಯಾಗಿ ಓದಿಸಿದೆ. ಆಮೇಲೆ ಸಹಿ ಹಾಕಿದರು. ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ ತೊಗೊಂಡೆ.

ಮೊದಲ ಕಂತು ಬಂದಿದ್ದು ಏಳು ತಿಂಗಳಾದ ಮೇಲೆ. ಅವರ ಪಾಲು 1,140 ರೂಪಾಯಿ. ಕಳಿಸಿದೆ. ನಾಲ್ಕು ದಿನ ಬಿಟ್ಟು ಮೊಮ್ಮಗಳ ಫೋನಿನಿಂದ ಅಜ್ಜಿ ಮಾತಾಡಿದರು.

"ಏನಪಾ, ಗೃಹಲಕ್ಷ್ಮಿ ದುಡ್ಡು ಈ ಸಲ ಕಡಿಮಿ ಬಂದೈತಿ ಅಂತ ಬ್ಯಾಂಕಿನಾಗ ಕೇಳಿದೆ. ಅದಲ್ಲ, ನಿನ್ನ ಹೆಸರಿಂದ ಬಂದೈತಿ ಅಂದ್ರು. ಯಾವ ದುಡ್ಡಿದು?"

ಹಾಡಿದ್ದಕ್ಕೆ ಅಜ್ಜಿ, ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆ ಕಡೆ ಮೊಮ್ಮಗಳಿಗೆ ಏನೋ ಹೇಳೋದು ಕೇಳಿಸಿತು. ಆಮೇಲೆ ಫೋನ್ ಹತ್ತಿರ ಹಿಡಿದು ಕೇಳಿದರು: "ಇನ್ನೂ ನಲವತ್ತು ಪದ ಅದಾವು. ಕಲ್ಲು ನಿನ್ನ ಹಂತ್ಯಾಕ ಐತಲ್ಲ?"

ಕಲ್ಲು ಇನ್ನೂ ನನ್ನ ಕೋಣೆಯಲ್ಲೇ ಇದೆ. ಈ ಆಷಾಢಕ್ಕೆ ಹನ್ನೊಂದು ಪದ ಮುಗಿದಿವೆ.